ಕರಿಯ ಉಣ್ಣೆ, ಹಿತ್ತಲಿನ ಬಣ್ಣ

ಧಾರವಾಡ ಹತ್ತಿಯ ಸೀಮೆ. ಇಲ್ಲಿಗೆ ಹತ್ತಿರದ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯ್ದ ಇತಿಹಾಸವಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇಂದಿಗೂ ಧ್ವಜ ತಯಾರಿಸಿ ದೇಶದ ಮೂಲೆಮೂಲೆಗೆ ಕಳುಹಿಸುತ್ತದೆ. ಶಾಲೆಯಲ್ಲಿ ತಕಲಿ ತಿರುಗಿಸಿದ, ಪೆಟ್ಟಿಗೆ ಚರಕವನ್ನು ಈಗಲೂ ಅಟ್ಟದ ಮೇಲೆ ಜೋಪಾನವಾಗಿಟ್ಟುಕೊಂಡ ಹಿರಿಯರು ನಮ್ಮ ಓಣಿಯಲ್ಲಿಯೇ ಇದ್ದಾರೆ. ಅಂಥ ಊರಿನಲ್ಲಿ ನಾವು ಕೆಲವು ಗೆಳತಿಯರು ಹತ್ತಿಯನ್ನು ಬಿಟ್ಟು ಕುರಿಯ ಉಣ್ಣೆ ಹಿಡಿದು ಕುಳಿತಿರುವುದು ಅವರಿಗೆ ಸೋಜಿಗದ ಸಂಗತಿ. "ಹತ್ತಿ ನೂತರ ಒಂದು ಪಂಜೆ ಆದರೂ ಆಗತದ, ಈ ಕಂಬಳಿ ಕೂದಲಾ ಹಿಡಕೊಂಡು ಏನ ಮಾಡ್ತೀರವಾ?" ಎಂದು ನಿವೃತ್ತ ಶಿಕ್ಷಕರೊಬ್ಬರು ಕೇಳಿದ್ದುಂಟು. ಅವರಿಗೆ ಆಗ ಏನೋ ಹಾರಿಕೆಯ ಉತ್ತರ ಕೊಟ್ಟೆವು. ನಿಜವಾದ ಉತ್ತರ ಉಣ್ಣೆಯ ಸ್ವಭಾವದಲ್ಲಿಯೇ ಇದೆ ಎಂದು ನನಗೆ ಈಗ ತೋರುತ್ತದೆ. ಅದು ಜೊತೆ ಬೇಡುವ ಕೆಲಸ.

ಉಣ್ಣೆಯ ಕೆಲಸದಲ್ಲಿ ಮಾಡುವ ಹೊತ್ತಿಗಿಂತ ಕಾಯುವ ಹೊತ್ತು ಹೆಚ್ಚು. ಬಿಸಿನೀರಿನಲ್ಲಿ ನೆನೆಯಿಟ್ಟ ಉಣ್ಣೆಯನ್ನು ನೀರು ತಾನಾಗಿ ತಣ್ಣಗಾಗುವವರೆಗೆ ಮುಟ್ಟುವಂತಿಲ್ಲ. ಪಟಿಕದ ನೀರಿಗೆ ಹಾಕಿದ ಲಡಿಯನ್ನು, ಅಂದರೆ ಸುತ್ತಿ ಕಟ್ಟಿದ ನೂಲನ್ನು, ಅದೇ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು. ಬಣ್ಣದ ಪಾತ್ರೆ ಒಲೆಯ ಮೇಲೆ ಇರುವಷ್ಟು ಹೊತ್ತೂ ಯಾರಾದರೊಬ್ಬರು ಪಕ್ಕದಲ್ಲಿ ನಿಂತು ಬೆಂಕಿಯನ್ನು ಏರಿಸುತ್ತಲೋ ಇಳಿಸುತ್ತಲೋ ಇರಬೇಕು. ಒಬ್ಬಳೇ ಮಾಡುವವಳಿಗೆ ಈ ಕಾಯುವಿಕೆ ಬೇಸರ ತರುತ್ತದೆ, ನಾಲ್ಕು ಜನ ಕೂಡಿದಾಗ ಅದೇ ಹೊತ್ತು ನೂಲುವುದಕ್ಕೂ ಮಾತಿಗೂ ಒದಗುತ್ತದೆ. ನೂಲುವಾಗ ಕೈಗಳು ಕಟ್ಟಿಹಾಕಿದಂತಿದ್ದರೂ ಬಾಯಿ ಬಿಡುವಾಗಿರುತ್ತದೆ ಎಂಬುದು ನೂಲುವವರಿಗೆಲ್ಲ ಗೊತ್ತಿರುವ ಮಾತು. ನಮ್ಮ ಗುಂಪಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಅಕ್ಕ ಒಬ್ಬರಿದ್ದಾರೆ, ಬ್ಯಾಂಕಿನಲ್ಲಿ ದುಡಿಯುವ ಗೆಳತಿ ಇದ್ದಾಳೆ, ಸ್ವೆಟರ್ ಹೆಣೆಯುವುದರಲ್ಲಿ ಪಳಗಿದ ಇನ್ನೊಬ್ಬಳಿದ್ದಾಳೆ. ಅಕ್ಕನ ಮನೆಯ ಹಿತ್ತಲಿನಲ್ಲಿ ಬಾವಿ, ಕಟ್ಟಿಗೆಯ ಒಲೆ, ಬಟ್ಟೆ ಒಣಹಾಕುವ ತಂತಿ ಇರುವುದರಿಂದ ಎಲ್ಲರೂ ಸೇರುವುದು ಅಲ್ಲಿಯೇ.

ನಾವು ಬಳಸುವ ಉಣ್ಣೆಯ ಬಹುಭಾಗ ದಖ್ಖನಿ ಕುರಿಯದು. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಆಂಧ್ರಗಳ ಒಣ ಬಯಲುಸೀಮೆಯಲ್ಲಿ ದಿನವಿಡೀ ನಡೆದು ಮೇಯುವ ಈ ಕುರಿಗೆ ಕಪ್ಪೇ ಹೆಚ್ಚಿನ ಬಣ್ಣ. ಕಪ್ಪು ಬಿಳುಪು ಮಚ್ಚೆಯವು, ಬೂದು ಛಾಯೆಯವು, ಅಪರೂಪಕ್ಕೆ ಬಿಳಿಯವೂ ಮಂದೆಯಲ್ಲಿ ಕಾಣಸಿಗುತ್ತವೆ. ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಒಂದು ಸಲಕ್ಕೆ ಒಂದು ಕುರಿಯಿಂದ ಅರ್ಧ ಕಿಲೋ ಉಣ್ಣೆ ಸಿಗುವುದೂ ಅಪರೂಪವೇ. ಮರಿಯ ಮೊದಲ ಕತ್ತರಿಕೆಯ ಉಣ್ಣೆಗೆ ಹೆಚ್ಚು ಬೆಲೆ, ಏಕೆಂದರೆ ಅದು ಎಲ್ಲಕ್ಕಿಂತ ಮೆತ್ತಗೂ ಎಲ್ಲಕ್ಕಿಂತ ಕಪ್ಪಗೂ ಇರುತ್ತದೆ. ಕುರಿಗೆ ವಯಸ್ಸಾದಂತೆ ಎಳೆ ಒರಟಾಗುತ್ತದೆ, ಕಪ್ಪು ಕಂದಿಗೆ ತಿರುಗುತ್ತದೆ. ಬನ್ನೂರು ಕುರಿಯಂಥ ಮಾಂಸದ ತಳಿಗಳ ಮೈಮೇಲೆ ನೂಲಿಗೆ ಬರುವಂಥ ಉಣ್ಣೆಯೇ ಇರುವುದಿಲ್ಲ ಎಂಬುದು ನಮ್ಮಲ್ಲಿ ಹಲವರಿಗೆ ಈ ಕೆಲಸಕ್ಕೆ ಕೈಹಾಕಿದ ಮೇಲೆಯೇ ತಿಳಿದದ್ದು.

ಮೊದಲ ಸಲ ಗೋಣಿತಟ್ಟಿನ ಮೇಲೆ ಹಸಿ ಉಣ್ಣೆಯನ್ನು ಹರವಿದಾಗ ಕಂಡದ್ದು ಚೊಕ್ಕವಾದ ಕಪ್ಪಲ್ಲ. ಎಳೆಯ ಬುಡ ಕಪ್ಪಗಿತ್ತು, ತುದಿ ಬಿಸಿಲಿಗೆ ಸುಟ್ಟು ಇಟ್ಟಿಗೆಯ ಕೆಂಪಿಗೆ ತಿರುಗಿತ್ತು. ಆ ಕುರಿ ಎಷ್ಟು ಬಿಸಿಲಿನಲ್ಲಿ ತಿರುಗಿದೆ ಎಂಬುದರ ಲೆಕ್ಕ ಆ ಅರ್ಧ ಬೆರಳಿನ ಉದ್ದದಲ್ಲಿ ಬರೆದಿತ್ತು. ನಡುನಡುವೆ ಉತ್ತರಾಣಿಯ ಬೀಜ, ಜಾಲಿಯ ಮುಳ್ಳಿನ ಚೂರು, ಒಣಗಿದ ಹಿಕ್ಕೆ, ಮಣ್ಣು. ಇವನ್ನೆಲ್ಲ ಕೈಯಿಂದಲೇ ಆರಿಸಬೇಕು. ಕಂಬಳಿಯಲ್ಲಿ ಊಟಕ್ಕೆ ಕುಳಿತು ಕೂದಲು ಆರಿಸಿದಂತೆ ಎಂಬ ಗಾದೆಯನ್ನು ಯಾರಾದರೊಬ್ಬರು ಪ್ರತಿಸಲವೂ ಹೇಳುತ್ತಾರೆ, ಉಳಿದವರು ಪ್ರತಿಸಲವೂ ನಗುತ್ತಾರೆ. ಕುತ್ತಿಗೆ ಮತ್ತು ಹೊಟ್ಟೆಯ ಭಾಗದ ಗಂಟು ಬಿದ್ದ ಉಣ್ಣೆಯನ್ನು ಬೇರೆ ಮಾಡಿ ಗಿಡಗಳ ಬುಡಕ್ಕೆ ಹಾಕುತ್ತೇವೆ. ನಿಧಾನವಾಗಿ ಕೊಳೆತು ಸಾರಜನಕ ಕೊಡುವ ಅದು ಅಕ್ಕನ ಮಲ್ಲಿಗೆಯ ಬಳ್ಳಿಗೆ ಒಗ್ಗಿದೆ.

ತೊಳೆಯುವುದರಲ್ಲಿ ತಾಳ್ಮೆಯೇ ಮುಖ್ಯ. ಉಣ್ಣೆಯ ಪ್ರತಿಯೊಂದು ಎಳೆಯ ಮೇಲೂ ಬರಿಗಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿ, ಸೋಪು, ಉಜ್ಜುವಿಕೆ ಮೂರೂ ಒಟ್ಟಿಗೆ ಸೇರಿದರೆ ಆ ಹುರುಪೆಗಳು ಒಂದನ್ನೊಂದು ಹಿಡಿದುಕೊಂಡು, ಮತ್ತೆ ಬಿಡಿಸಲಾರದಂತೆ ಗಟ್ಟಿಯಾಗಿ ಹೆಣೆದುಕೊಳ್ಳುತ್ತವೆ. ಉಣ್ಣೆಯನ್ನು ನೇಯದೆ ಒತ್ತಿಯೇ ನಮದಾ ಹಾಸುಗಳನ್ನು ಮಾಡುವವರಿಗೆ ಅದೇ ವರ. ನೂಲುವವರಿಗೆ ಅದೇ ಕೆಲಸ ಕೆಡುವ ದಾರಿ. ಆದ್ದರಿಂದ ಬಿಸಿನೀರಿನಲ್ಲಿ ಸೋಪನ್ನು ಮೊದಲೇ ಕರಗಿಸಿ, ಉಣ್ಣೆಯನ್ನು ಮೆಲ್ಲಗೆ ಮುಳುಗಿಸಿ, ಕಲಕದೆ, ಹಿಂಡದೆ ಬಿಡಬೇಕು; ಮುಂದಿನ ನೀರೂ ಅಷ್ಟೇ ಬಿಸಿಯಿರಬೇಕು, ಇದ್ದಕ್ಕಿದ್ದಂತೆ ತಣ್ಣೀರು ಸುರಿಯಬಾರದು. ಬಟ್ಟೆ ಒಗೆಯುವುದರಲ್ಲಿ ಜೀವಮಾನ ಸವೆಸಿದ ಕೈಗಳಿಗೆ ಒಗೆಯದೆ ಸುಮ್ಮನಿರುವುದೇ ಕಠಿಣ. ದಖ್ಖನಿ ಉಣ್ಣೆಯಲ್ಲಿ ಜಿಡ್ಡು ಕಡಿಮೆ, ಮಣ್ಣು ಹೆಚ್ಚು. ಮೂರನೆಯ ನೀರಿಗೂ ಎರೆಮಣ್ಣಿನ ಕಪ್ಪು ಬಿಡುತ್ತಲೇ ಇರುತ್ತದೆ.

ಒಣಗಿದ ಉಣ್ಣೆಯನ್ನು ಹಿಂಜಬೇಕು. ಕಂಬಳಿ ಮಾಡುವ ಊರುಗಳಲ್ಲಿ ಬಿಲ್ಲಿನಿಂದ ಮೀಟಿ ಹಿಂಜುವ ಪದ್ಧತಿಯಿತ್ತು, ಈಗ ಅನೇಕ ಕಡೆ ಯಂತ್ರಕ್ಕೆ ಕೊಡುತ್ತಾರೆ. ನಮ್ಮಲ್ಲಿರುವುದು ಸಣ್ಣ ತಂತಿಯ ಹಲ್ಲುಗಳುಳ್ಳ ಎರಡು ಹಲಗೆಗಳು. ಒಂದರ ಮೇಲೆ ಉಣ್ಣೆ ಹರಡಿ ಇನ್ನೊಂದರಿಂದ ಬಾಚಿ, ಎಳೆಗಳೆಲ್ಲ ಸಡಿಲಾದ ಮೇಲೆ ಸುರುಳಿ ಸುತ್ತಿ ತೆಗೆದರೆ ಹಂಜಿ ಸಿದ್ಧವಾಗುತ್ತದೆ. ಹಂಜಿ ಚೆನ್ನಾಗಿದ್ದರೆ ನೂಲುವುದು ಅರ್ಧ ಮುಗಿದಂತೆ ಎಂದು ಹೇಳುವವರು ಸರಿಯಾಗಿಯೇ ಹೇಳುತ್ತಾರೆ.

ನೂಲುವುದನ್ನು ನಮಗೆ ಕಲಿಸಿದ್ದು ಕಂಬಳಿ ನೇಯುವ ಮನೆತನದ ಒಬ್ಬ ಅಜ್ಜಿ. ಅವರ ಊರು ರಾಣೆಬೆನ್ನೂರಿನ ಕಡೆಯದು. ಮಗಳ ಮನೆಗೆಂದು ಧಾರವಾಡಕ್ಕೆ ಬಂದಾಗ ಅಕ್ಕನ ಹಿತ್ತಲಿಗೂ ಬರುತ್ತಾರೆ. ಕುರುಬರ ಮನೆಗಳಲ್ಲಿ ನೂಲು ತೆಗೆಯುವುದು ಹೆಂಗಸರ ಕೆಲಸ, ಮಗ್ಗದ ಗುಂಡಿಗಿಳಿದು ನೇಯುವುದು ಹೆಚ್ಚಾಗಿ ಗಂಡಸರ ಕೆಲಸ. ಅಜ್ಜಿಯ ಎಡಗೈಯಲ್ಲಿ ಹಂಜಿ, ಬಲಗೈಯಲ್ಲಿ ರಾಟಿಯ ಹಿಡಿಕೆ. ಅವರು ಹಂಜಿಯನ್ನು ಹಿಡಿದಿರುವುದೇ ಕಾಣುವುದಿಲ್ಲ, ಅಷ್ಟು ಹಗುರ. ಹೆಬ್ಬೆರಳೂ ತೋರುಬೆರಳೂ ಒಂದು ಕ್ಷಣ ಕೂಡಿ ಮರುಕ್ಷಣ ಸಡಿಲಾಗುತ್ತವೆ. ಆ ಸಡಿಲಿನಲ್ಲಿ ತಿರುವು ಎಳೆಗಳ ನಡುವೆ ಓಡಿ ಅವನ್ನು ಹಿಡಿದುಕೊಳ್ಳುತ್ತದೆ. ತೋಳು ಹಿಂದಕ್ಕೆ ಸರಿದಂತೆ ನೂಲು ಉದ್ದವಾಗುತ್ತ ಹೋಗಿ, ತೋಳು ಚಾಚಿ ಮುಗಿದಾಗ ಕದಿರಿಗೆ ಸುತ್ತಿಕೊಳ್ಳುತ್ತದೆ. ನಾವು ಮೊದಮೊದಲು ಹಂಜಿಯನ್ನು ಬಿಗಿಯಾಗಿ ಹಿಡಿದು ಎಳೆಯುತ್ತಿದ್ದೆವು. "ಜಗ್ಗಬ್ಯಾಡವಾ, ಬಿಡು. ಅದಕ್ಕ ಎಷ್ಟು ಬೇಕೋ ಅಷ್ಟು ತಾನ ತಗೋತೈತಿ" ಎಂದು ಅವರು ಹೇಳಿದ ಮಾತಿನಲ್ಲಿ ಉಣ್ಣೆ ನೂಲುವುದರ ವಿದ್ಯೆಯೆಲ್ಲ ಇದೆ. ಉಣ್ಣೆಯ ಎಳೆ ಹತ್ತಿಗಿಂತ ಉದ್ದ, ಅದಕ್ಕೆ ಸಹಜವಾದ ಸುಳಿಯೂ ಇರುತ್ತದೆ. ಆದ್ದರಿಂದ ಕಡಿಮೆ ತಿರುವಿನಲ್ಲಿಯೂ ಅದು ತನ್ನನ್ನು ತಾನೇ ಹಿಡಿದುಕೊಳ್ಳಬಲ್ಲದು.

ತಿರುವಿಗೆ ದಿಕ್ಕು ಇರುತ್ತದೆ. ಬಲಕ್ಕೆ ತಿರುಗಿಸಿ ತೆಗೆದ ಎರಡು ನೂಲುಗಳನ್ನು ಕೂಡಿಸಿ ಎಡಕ್ಕೆ ತಿರುಗಿಸಿದರೆ ಅವು ಒಂದನ್ನೊಂದು ಅಪ್ಪಿಕೊಂಡು ಹುರಿಯಾಗುತ್ತವೆ. ಒಂಟಿ ಎಳೆಯಲ್ಲಿದ್ದ ಮುರುಟು ಹೋಗಿ ನೂಲು ನೆಟ್ಟಗಾಗುತ್ತದೆ. ಹೆಣಿಗೆಗೆ ಎರಡೆಳೆಯ ಹುರಿಯೇ ಬೇಕು, ಕಂಬಳಿಗೆ ಒಂಟಿ ಎಳೆಯೇ ಸಾಕು. ನಮ್ಮ ಗುಂಪಿನಲ್ಲಿ ಯಾರ ನೂಲು ಯಾರದೆಂದು ಈಗ ನೋಡಿದ ಕೂಡಲೇ ಗುರುತಿಸಬಹುದು. ಬ್ಯಾಂಕಿನ ಗೆಳತಿಯದು ಬಿಗಿ ತಿರುವಿನ ತೆಳು ನೂಲು, ಅಳತೆ ಹಿಡಿದಂತೆ ಸಮ. ಅಕ್ಕನದು ಒಂದೆಡೆ ದಪ್ಪ, ಇನ್ನೊಂದೆಡೆ ಸಣ್ಣ. ಇಬ್ಬರ ಎಳೆಗಳನ್ನು ಕೂಡಿಸಿ ಹುರಿ ಹಾಕಿದರೆ ಬರುವ ನೂಲಿನ ಮೇಲ್ಮೈಯಲ್ಲಿ ಒಂದು ಅಲೆ ಕಾಣುತ್ತದೆ. ಗಿರಣಿಯ ನೂಲಿನಲ್ಲಿ ಅದು ಸಿಗುವುದಿಲ್ಲ. ಒಬ್ಬಳೇ ನೂತು ಒಬ್ಬಳೇ ಹುರಿ ಹಾಕಿದ ನೂಲಿನಲ್ಲಿಯೂ ಸಿಗುವುದಿಲ್ಲ.

ಮಳೆಗಾಲ ನಮಗೆ ನೂಲುವ ಕಾಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಣ್ಣ ಹಾಕಿದ ಲಡಿ ಒಣಗುವುದಿಲ್ಲ, ಒಲೆಯ ಕಟ್ಟಿಗೆಯೂ ಹೊಗೆಯಾಡುತ್ತದೆ. ನೂಲಿಗೆ ಮಾತ್ರ ಅದೇ ಹವೆ ಅನುಕೂಲ. ಉಣ್ಣೆ ತನ್ನ ತೂಕದ ಸುಮಾರು 30 ಶೇಕಡಾ ತೇವವನ್ನು ಹೀರಿಕೊಂಡರೂ ಕೈಗೆ ಒದ್ದೆ ಎನಿಸುವುದಿಲ್ಲ. ತೇವವಿರುವಾಗ ಎಳೆಗಳು ಚದುರದೆ ಒಂದಕ್ಕೊಂದು ಹೊಂದಿಕೊಂಡು ಬರುತ್ತವೆ. ಬೇಸಿಗೆಯ ಒಣ ಗಾಳಿಯಲ್ಲಿ ಅದೇ ಉಣ್ಣೆ ಸೀರೆಗೂ ಕೂದಲಿಗೂ ಹತ್ತಿಕೊಂಡು ಹಾರಾಡುತ್ತದೆ. ಹೊಲದಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಂತ ರೈತನಿಗೆ ಚಳಿಯಾಗದಿರುವುದಕ್ಕೂ ಉಣ್ಣೆಯ ಈ ಗುಣವೇ ಕಾರಣ.

ಇನ್ನು ಬಣ್ಣದ ವಿಷಯ. ಕಪ್ಪು ಉಣ್ಣೆಗೆ ಬಣ್ಣ ಹತ್ತುವುದಿಲ್ಲ. ನಿಖರವಾಗಿ ಹೇಳುವುದಾದರೆ, ಹತ್ತಿದರೂ ಕಾಣುವುದಿಲ್ಲ. ಬಣ್ಣದ ಪಾತ್ರೆಯ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ "ದೇವರ ಹಚ್ಚಿ ಕಳಸಿದ ಬಣ್ಣದ ಮ್ಯಾಲ ನೀವೇನ ಹಚ್ಚತೀರವಾ?" ಎಂದು ಕೇಳಿದರು. ಕುರುಬರ ಕರಿ ಕಂಬಳಿಗೆ ಬಣ್ಣದ ಹಂಗಿಲ್ಲ. ಕುರಿಯ ಮೈಮೇಲಿನ ಕಪ್ಪು, ಕಂದು, ಬೂದು, ಬಿಳುಪುಗಳನ್ನೇ ಬೇರೆ ಬೇರೆ ನೂತು, ಅಂಚಿಗೆ ಬಿಳಿಯ ಗೆರೆ ಕೊಟ್ಟು, ಹುಣಸೆ ಬೀಜದ ಸರಿ, ಅಂದರೆ ಗಂಜಿ, ಹಚ್ಚಿ ನೇಯ್ದರೆ ಮುಗಿಯಿತು. ದೇವರ ಗದ್ದುಗೆಗೆ ಹಾಸುವ ಕಂಬಳಿಯೂ ಕುರಿಗಾರನ ಹೆಗಲ ಮೇಲಿನ ಕಂಬಳಿಯೂ ಒಂದೇ ಕಪ್ಪಿನವು. ಬಣ್ಣದ ಹುಚ್ಚು ನಮ್ಮಂಥ ಪೇಟೆಯವರದು ಎಂಬುದನ್ನು ಒಪ್ಪಿಕೊಂಡೇ ಮುಂದುವರಿದೆವು. ಬಿಳಿಯ ಉಣ್ಣೆಗಾಗಿ ರಾಜಸ್ಥಾನದ ಬಿಕಾನೇರ್ ಕಡೆಯ ಮಗ್ರಾ ಕುರಿಯ ಹೊಳಪಿನ ಉಣ್ಣೆಯನ್ನು ಸ್ವಲ್ಪ ತರಿಸಿದೆವು, ಕುರಿಗಾರರು ಬದಿಗಿಟ್ಟ ದಖ್ಖನಿ ಬಿಳಿಯನ್ನೂ ಕೇಳಿ ಪಡೆದೆವು.

ಉಣ್ಣೆ ಬಣ್ಣವನ್ನು ಹತ್ತಿಗಿಂತ ಸುಲಭವಾಗಿ ಹಿಡಿಯುತ್ತದೆ. ಅದು ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನು. ಬಣ್ಣದ ಕಣಗಳಿಗೆ ಅಂಟಿಕೊಳ್ಳಲು ಅದರಲ್ಲಿ ಬೇಕಾದಷ್ಟು ತಾಣಗಳಿರುತ್ತವೆ. ಆದರೂ ಹೂವು, ಸಿಪ್ಪೆ, ಬೇರುಗಳ ಬಣ್ಣ ನಿಲ್ಲಬೇಕಾದರೆ ಹೆಚ್ಚಿನ ಸಂದರ್ಭಗಳಲ್ಲಿ ನಡುವೆ ಪಟಿಕ ಬೇಕು. 100 ಗ್ರಾಂ ಒಣ ಉಣ್ಣೆಗೆ 10ರಿಂದ 15 ಗ್ರಾಂ ಪಟಿಕವನ್ನು ಕರಗಿಸಿ, ನೆನೆಸಿದ ಲಡಿಯನ್ನು ಅದರಲ್ಲಿ ಮುಳುಗಿಸಿ, ನಿಧಾನವಾಗಿ 85 ಡಿಗ್ರಿಯ ಆಸುಪಾಸಿಗೆ ಏರಿಸಿ, ಒಂದು ಗಂಟೆ ಹಾಗೆಯೇ ಇಡುತ್ತೇವೆ. ಪಟಿಕದ ಅಲ್ಯುಮಿನಿಯಂ ಒಂದು ಕಡೆ ಎಳೆಯನ್ನೂ ಇನ್ನೊಂದು ಕಡೆ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ಪುಸ್ತಕಗಳು ಇದರ ಜೊತೆಗೆ ಕ್ರೀಮ್ ಆಫ್ ಟಾರ್ಟಾರ್ ಹಾಕಲು ಹೇಳುತ್ತವೆ. ಅದು ಟಾರ್ಟಾರಿಕ್ ಆಮ್ಲದ ಲವಣ, ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲದ್ದು ಎಂದು ಅಕ್ಕ ಹುಣಸೆರಸ ಬಳಸಿ ನೋಡಿದರು. ಬಣ್ಣ ಚೆನ್ನಾಗಿಯೇ ಹಿಡಿಯಿತು, ಆದರೆ ಹುಣಸೆಯ ಕಂದು ಛಾಯೆ ಬಿಳಿಯ ಉಣ್ಣೆಯ ಮೇಲೆ ಉಳಿಯಿತು. ಹಳದಿ, ಕಂದು ಬಣ್ಣಗಳಿಗೆ ಅದರಿಂದ ತೊಂದರೆಯಿಲ್ಲ. ಬಣ್ಣದ ಪಾತ್ರೆಗಳು ಅಡುಗೆಮನೆಗೆ ಮರಳುವಂತಿಲ್ಲ ಎಂಬುದೊಂದು ಕಟ್ಟುನಿಟ್ಟು. ತಾಮ್ರದ ಲವಣವಾದ ಮೈಲುತುತ್ತವನ್ನು ಅದರ ವಿಷದ ಕಾರಣದಿಂದ ನಾವು ಮುಟ್ಟುವುದೇ ಇಲ್ಲ.

ಮಹಾನವಮಿಯ ಮರುದಿನ ನಮಗೆ ಸುಗ್ಗಿ. ಆಯುಧಪೂಜೆಗೆಂದು ಬೈಕು, ಕಾರು, ಅಂಗಡಿಯ ಬಾಗಿಲು, ಹೊಲಿಗೆ ಯಂತ್ರಗಳಿಗೆಲ್ಲ ಹಾಕಿದ ಚೆಂಡುಹೂವಿನ ಮಾಲೆಗಳು ಬಾಡಿ ಕಸದ ಗಾಡಿಗೆ ಹೋಗುವ ಮುನ್ನ ಅವನ್ನು ಕೇಳಿ ತರುತ್ತೇವೆ. ಓಣಿಯ ಗ್ಯಾರೇಜಿನ ಅಣ್ಣ ಈಗೀಗ ಕೇಳುವ ಮೊದಲೇ ಚೀಲಕ್ಕೆ ತುಂಬಿ ಇಟ್ಟಿರುತ್ತಾನೆ. ಉಣ್ಣೆಯ ತೂಕಕ್ಕಿಂತ ಹೆಚ್ಚೇ ಹೂವು ಹಾಕಿ ಕುದಿಸಿ ಸೋಸಿದ ನೀರಿನಲ್ಲಿ ಪಟಿಕ ಉಂಡ ಲಡಿ ಬಿಸಿಲಿನಂಥ ಹಳದಿಯಾಗುತ್ತದೆ. ಈರುಳ್ಳಿಯ ಒಣ ಸಿಪ್ಪೆಯಿಂದ ಚಿನ್ನದ ಬಣ್ಣ, ದಾಳಿಂಬೆ ಸಿಪ್ಪೆಯಿಂದ ಮಾಸಲು ಹಳದಿ. ಅದೇ ದಾಳಿಂಬೆಯ ಹಳದಿಗೆ ಚಿಟಿಕೆಯಷ್ಟು ಅನ್ನಭೇದಿ ಎಂಬ ಕಬ್ಬಿಣದ ಲವಣ ಸೇರಿಸಿದ ನೀರನ್ನು ತಾಗಿಸಿದರೆ ಸಿಪ್ಪೆಯ ಒಗರು ಕಬ್ಬಿಣದೊಂದಿಗೆ ಕೂಡಿ, ಕಣ್ಣೆದುರಿನಲ್ಲಿಯೇ ಕಪ್ಪುಹಸಿರಾಗುತ್ತದೆ. ಅನ್ನಭೇದಿಯಲ್ಲಿ ಕೈ ಹಿಡಿತವಿರಬೇಕು, ಹೆಚ್ಚಾದರೆ ಉಣ್ಣೆ ಬಿರುಸಾಗಿ ಮುರಿಯತೊಡಗುತ್ತದೆ. ಅರಿಶಿನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದಕ್ಕೆ ಪಟಿಕದ ಅಗತ್ಯವಿಲ್ಲ, ಬಣ್ಣ ಹತ್ತುವುದೂ ಬೇಗ; ಆದರೆ ಬಿಸಿಲಿಗೆ ಹಿಡಿದರೆ ಅಷ್ಟೇ ಬೇಗ ಹಾರಿಹೋಗುತ್ತದೆ, ಸೋಪು ತಾಗಿದರೆ ಕೆಂಪಾಗುತ್ತದೆ. ತೊಡುವ ವಸ್ತುವಿಗೆ ನಾನು ಅರಿಶಿನವನ್ನು ಒಪ್ಪುವುದಿಲ್ಲ.

ಮಂಜಿಷ್ಠದ ಬೇರಿನಿಂದ ತೆಗೆಯುವ ಕೆಂಪಿನಲ್ಲಿ ನೀರಿನ ಮಾತು ಬರುತ್ತದೆ. ನಲ್ಲಿಯಲ್ಲಿ ಬರುವ ಮಲಪ್ರಭೆಯ ನೀರಿನಲ್ಲಿ ತೆಗೆದ ಕೆಂಪಿಗೂ, ಬಾವಿಯ ಗಡಸು ನೀರಿನಲ್ಲಿ ತೆಗೆದ ಕೆಂಪಿಗೂ ಹಿತ್ತಲಿನ ತಂತಿಯ ಮೇಲೆ ನೇತುಹಾಕಿದಾಗ ಎದ್ದು ಕಾಣುವ ವ್ಯತ್ಯಾಸವಿತ್ತು. ಬಾವಿಯ ನೀರಿನದೇ ಹೆಚ್ಚು ಕೆಂಪು. ಈ ಜಾತಿಯ ಬೇರಿನ ಬಣ್ಣಕ್ಕೆ ನೀರಿನ ಸುಣ್ಣದ ಅಂಶ ನೆರವಾಗುತ್ತದೆ. ಸ್ನಾನಕ್ಕೂ ಬೇಳೆ ಬೇಯಿಸುವುದಕ್ಕೂ ಬಾರದೆಂದು ಮನೆಮಂದಿಯೆಲ್ಲ ಬೈಯುವ ಬಾವಿಯ ನೀರಿಗೆ ಅಂದಿನಿಂದ ಅಕ್ಕನ ಮನೆಯಲ್ಲಿ ಮರ್ಯಾದೆ ಬಂದಿದೆ.

ನೀಲಿಯ ರೀತಿಯೇ ಬೇರೆ. ನೀಲಿ ಗಿಡದಿಂದ ತೆಗೆದ ಪುಡಿ ನೀರಿನಲ್ಲಿ ಕರಗುವುದಿಲ್ಲ, ಪಟಿಕಕ್ಕೂ ಬಗ್ಗುವುದಿಲ್ಲ. ಅದರಲ್ಲಿರುವ ಆಮ್ಲಜನಕದ ಹಿಡಿತವನ್ನು ಕ್ಷಾರದ ನೀರಿನಲ್ಲಿ ಬಿಡಿಸಿದಾಗ ಮಾತ್ರ ಅದು ಕರಗಿ ಹಳದಿಹಸಿರು ದ್ರವವಾಗುತ್ತದೆ. ದಕ್ಷಿಣ ಭಾರತದ ಬಣ್ಣಗಾರರು ಇದಕ್ಕೆ ತಗಚೆಯ ಬೀಜ ಬೇಯಿಸಿ ಹಾಕಿ, ಹುಳಿಬರಿಸಿ, ದಿನಗಟ್ಟಲೆ ಕಾಯುತ್ತಿದ್ದರು. ನಾವು ತಮಿಳುನಾಡಿನ ವಿಲ್ಲುಪುರಂ ಕಡೆಯಿಂದ ಬರುವ ನೀಲಿಯ ಬಿಲ್ಲೆಯನ್ನು ಅರೆದು, ಸುಣ್ಣ, ಬೆಲ್ಲ ಮತ್ತು ತೀರಾ ಕಳಿತ ಬಾಳೆಹಣ್ಣಿನ ಜೊತೆ ಉಗುರುಬೆಚ್ಚಗಿಗಿಂತ ತುಸು ಹೆಚ್ಚು ಬಿಸಿಯಲ್ಲಿ ಇಡುತ್ತೇವೆ. ಬೆಲ್ಲ ಮತ್ತು ಹಣ್ಣಿನ ಸಕ್ಕರೆಯೇ ನೀಲಿಯನ್ನು ಕರಗಿಸುವ ಕೆಲಸ ಮಾಡುತ್ತದೆ. ಮೇಲೆ ತಾಮ್ರದ ಹೊಳಪಿನ ಪೊರೆ ಕಟ್ಟಿ, ನಡುವೆ ಕಡುನೀಲಿ ನೊರೆ ನಿಂತು, ಪೊರೆಯನ್ನು ಸರಿಸಿದಾಗ ಕೆಳಗಿನ ನೀರು ಹೊಂಬಣ್ಣಕ್ಕೆ ಕಂಡರೆ ಪಾತ್ರೆ ಸಿದ್ಧವಾಯಿತೆಂದು ಅರ್ಥ. ಉಣ್ಣೆಗೆ ಕ್ಷಾರ ಹಗೆ. ಹತ್ತಿಗೆ ಹಾಕುವಷ್ಟು ಸುಣ್ಣ ಹಾಕಿದರೆ ಎಳೆ ಸವೆದು ಹೋಗುತ್ತದೆ, ಆದ್ದರಿಂದ ಸುಣ್ಣ ಕಡಿಮೆ, ಮುಳುಗಿಸುವ ಹೊತ್ತೂ ಕಡಿಮೆ, ಕೊನೆಗೆ ವಿನೆಗರ್ ಬೆರೆಸಿದ ನೀರಿನಲ್ಲಿ ಒಂದು ಜಾಲು.

ಲಡಿಯನ್ನು ನೀರಿನೊಳಗೆ ಗಾಳಿ ಸೇರದಂತೆ ಮೆಲ್ಲಗೆ ಇಳಿಸಿ, ಕೆಲವು ನಿಮಿಷ ಬಿಟ್ಟು, ಪಾತ್ರೆಯ ಅಂಚಿಗೆ ಒರಸಿ ಮೇಲೆತ್ತಿದಾಗ ಅದು ಬಾಳೆಯ ಎಳೆಸುಳಿಯ ಹಸಿರಾಗಿರುತ್ತದೆ. ಗಾಳಿ ತಾಗಿದ ಕಡೆಯಿಂದ ಹಸಿರು ಹಿಂದೆ ಸರಿಯುತ್ತದೆ. ಮೊದಲು ಹೊರಗಿನ ಎಳೆಗಳು, ಆಮೇಲೆ ಕೈಯಿಂದ ಬಿಡಿಸಿದಂತೆ ಒಳಗಿನವು, ಕಟ್ಟಿದ ದಾರದ ಕೆಳಗಿನ ಚೂರು ಎಲ್ಲಕ್ಕಿಂತ ಕೊನೆಗೆ. ಆ ಒಂದೆರಡು ನಿಮಿಷ ಹಿತ್ತಲಿನಲ್ಲಿ ಯಾರೂ ಬೇರೆ ಕೆಲಸ ಮಾಡುವುದಿಲ್ಲ. ಬ್ಯಾಂಕಿನ ಗೆಳತಿಯ ಮಗ ಶಾಲೆಯಲ್ಲಿ ಓದಿದ ಉತ್ಕರ್ಷಣ, ಅಪಕರ್ಷಣಗಳನ್ನು ಅಲ್ಲಿ ನಿಂತು ಮತ್ತೊಮ್ಮೆ ಕೇಳಿ ತಿಳಿದುಕೊಂಡ. ಗಾಢ ಬಣ್ಣ ಬೇಕಾದರೆ ಪಾತ್ರೆಯಲ್ಲಿ ಹೆಚ್ಚು ಹೊತ್ತು ಬಿಡುವುದರಿಂದ ಪ್ರಯೋಜನವಿಲ್ಲ. ಮುಳುಗಿಸಿ, ಗಾಳಿಗೆ ಹಿಡಿದು, ಮತ್ತೆ ಮುಳುಗಿಸಬೇಕು. ಚೆಂಡುಹೂವಿನ ಹಳದಿಯ ಮೇಲೆ ಒಂದು ಮುಳುಗು ನೀಲಿ ಬಿದ್ದರೆ ಪಾಚಿಯ ಹಸಿರು ಬರುತ್ತದೆ.

ಕಪ್ಪು ಉಣ್ಣೆಯ ತಕರಾರಿಗೂ ಉತ್ತರ ದೊರೆತದ್ದು ಈ ಪಾತ್ರೆಯಲ್ಲಿಯೇ. ಕಪ್ಪು ಮತ್ತು ಬಿಳಿ ಬೆರೆಸಿ ಹಿಂಜಿ ನೂತ ಬೂದು ನೂಲನ್ನು ನೀಲಿಯಲ್ಲಿ ಮುಳುಗಿಸಿದರೆ ಬಿಳಿಯ ಎಳೆ ನೀಲಿಯಾಗುತ್ತದೆ, ಕಪ್ಪಿನ ಎಳೆ ಹಾಗೆಯೇ ಉಳಿದು ಆ ನೀಲಿಯನ್ನು ಒಳಗಿನಿಂದ ಗಾಢಗೊಳಿಸುತ್ತದೆ. ಮಳೆಗಾಲದ ಮುಗಿಲಿನಂಥ ಆ ಬಣ್ಣ ಬರಿಯ ಬಿಳಿಯ ಉಣ್ಣೆಯಿಂದ ಬರುವಂಥದಲ್ಲ. ಅಂದಿನಿಂದ ನಾವು ಬಿಳಿಯನ್ನು ಹುಡುಕಿಕೊಂಡು ಹೋಗುವುದನ್ನು ಕಡಿಮೆ ಮಾಡಿದ್ದೇವೆ. ಯಾವ ಬೂದು ನೂಲಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನೋಡಲು ಪ್ರತಿಯೊಂದರ ಗೇಣುದ್ದದ ಚೂರನ್ನು ರಟ್ಟಿಗೆ ಕಟ್ಟಿ, ನೀರು ಯಾವುದು, ಪಟಿಕ ಎಷ್ಟು ಎಂದು ಬರೆದಿಡುತ್ತೇವೆ. ನನ್ನ ಮಟ್ಟಿಗೆ ಈ ಹವ್ಯಾಸದ ಅತ್ಯಂತ ರುಚಿಕರವಾದ ಭಾಗ ಇದೇ.

ನೈಸರ್ಗಿಕ ಬಣ್ಣವೇ ಶ್ರೇಷ್ಠ ಎಂಬ ವಾದ ನಮ್ಮಲ್ಲಿ ಆಗಾಗ ಏಳುತ್ತದೆ. 1856ರಲ್ಲಿ ಲಂಡನ್ನಿನ ಹದಿಹರೆಯದ ವಿದ್ಯಾರ್ಥಿ ವಿಲಿಯಂ ಪರ್ಕಿನ್ ಮಲೇರಿಯಾದ ಔಷಧ ಕ್ವಿನೈನ್ ಮಾಡಲು ಹೋಗಿ ಕೃತಕ ನೇರಳೆ ಬಣ್ಣ ಕಂಡುಕೊಂಡ. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ತಂದ ಮೇಲೆ ನಮ್ಮ ದೇಶದ ನೀಲಿ ಬೆಳೆ ಕೆಲವೇ ದಶಕಗಳಲ್ಲಿ ಕುಸಿಯಿತು. ಇದನ್ನು ಬರಿಯ ನಷ್ಟದ ಕಥೆಯಾಗಿ ಹೇಳುವವರು ಬಂಗಾಳದ ನೀಲಿ ತೋಟಗಳಲ್ಲಿ ರೈತರು ಪಟ್ಟ ಬವಣೆಯನ್ನೂ, 1859ರಲ್ಲಿ ಅವರು ಎದ್ದು ನಿಂತದ್ದನ್ನೂ ನೆನೆಯಬೇಕು. ಗಿಡದಿಂದ ಬಂದ ಮಾತ್ರಕ್ಕೆ ಬಣ್ಣ ಪಾಪವಿಲ್ಲದ್ದಾಗುವುದಿಲ್ಲ. ಹೆಣಿಗೆಯ ಗೆಳತಿ ಮಕ್ಕಳ ಟೋಪಿಗಳಿಗೆ ವಿನೆಗರ್ ಹಾಕಿ ಬಳಸುವ ಆಸಿಡ್ ಬಣ್ಣಗಳನ್ನೇ ಇಷ್ಟಪಡುತ್ತಾಳೆ. ಅವು ಒಗೆತಕ್ಕೆ ನಿಲ್ಲುತ್ತವೆ, ಎರಡನೆಯ ಸಲ ಬೇಕೆಂದರೂ ಅದೇ ಬಣ್ಣ ಬರುತ್ತದೆ. ನನ್ನ ಒಲವು ಹೂವು ಸಿಪ್ಪೆಗಳ ಕಡೆಗಿದೆ, ಅವು ಮತ್ತೆ ಅದೇ ಬಣ್ಣ ಕೊಡುವುದಿಲ್ಲ ಎಂಬ ಕಾರಣಕ್ಕೇ.

ಈ ಹವ್ಯಾಸದಿಂದ ಕಂಬಳಿಯ ಕಸುಬು ಉಳಿಯುತ್ತದೆ ಎಂದು ಯಾರಾದರೂ ಹೊಗಳಿದಾಗ ಮಾತ್ರ ನನಗೆ ಕಸಿವಿಸಿಯಾಗುತ್ತದೆ. ಚಳ್ಳಕೆರೆಯ ಕಂಬಳಿ ಸಂತೆಯ ಹೆಸರು ನಾಡಿಗೆಲ್ಲ ಗೊತ್ತು. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಊರು ಕಂಬಳಿಯಿಂದಲೇ ಹೆಸರಾದದ್ದು. ಗಿರಣಿಯ ಅಗ್ಗದ ರಗ್ಗು, ಪ್ಲಾಸ್ಟಿಕ್ ಹೊದಿಕೆಗಳು ಬಂದ ಮೇಲೆ ಕಂಬಳಿಗೆ ಗಿರಾಕಿ ಕಡಿಮೆಯಾದರು. ಕುರಿಗಾರನಿಗೆ ಮಾಂಸದಿಂದ ದುಡ್ಡು ಬರುತ್ತದೆ, ಉಣ್ಣೆಯಿಂದ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ, ಆದ್ದರಿಂದ ಉಣ್ಣೆಯಿಲ್ಲದ ತಳಿಯ ಟಗರುಗಳನ್ನು ಮಂದೆಗೆ ಬಿಡುವವರು ಹೆಚ್ಚಿದ್ದಾರೆ. ರಾಜಸ್ಥಾನದ ಅವಿಕಾನಗರದಲ್ಲಿ 1962ರಿಂದ ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಇದೆ. ಆದರೂ ನಮ್ಮ ಗಿರಣಿಗಳು ಬಟ್ಟೆಗೆ ಬೇಕಾದ ನವಿರು ಉಣ್ಣೆಯನ್ನು ಆಸ್ಟ್ರೇಲಿಯಾದಿಂದ ತರಿಸಿಕೊಳ್ಳುತ್ತವೆ. ಇದಕ್ಕೆ ಎಳೆಯ ದಪ್ಪವೂ ಒಂದು ಕಾರಣ. ಸುಮಾರು 30 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಎಳೆ ಚರ್ಮಕ್ಕೆ ಚುಚ್ಚುತ್ತದೆ, ದಖ್ಖನಿಯ ಬಹುಪಾಲು ಎಳೆ ಅದಕ್ಕಿಂತ ದಪ್ಪ. ಭಾನುವಾರ ಹಿತ್ತಲಿನಲ್ಲಿ ಕುಳಿತು ನೂಲುವ ಕೆಲವು ಹೆಂಗಸರಿಂದ ಇದೇನೂ ಬದಲಾಗುವುದಿಲ್ಲ.

ಬದಲಾದದ್ದು ನಾವು ಬೆಲೆ ಕೇಳುವ ರೀತಿ. ಪ್ರದರ್ಶನವೊಂದರಲ್ಲಿ ನಮ್ಮ ಲಡಿಗಳನ್ನು ಮಾರಾಟಕ್ಕೆ ಇಡೋಣವೆಂದು ಹೆಣಿಗೆಯ ಗೆಳತಿ ಸೂಚಿಸಿದಳು. ಆರಿಸುವುದರಿಂದ ಹಿಡಿದು ಬಣ್ಣದವರೆಗಿನ ಹೊತ್ತನ್ನು ಬ್ಯಾಂಕಿನ ಗೆಳತಿ ಲೆಕ್ಕ ಹಾಕಿ, ಹೊಲದ ದಿನಗೂಲಿಯ ದರದಲ್ಲಿಯೇ ಹಿಡಿದರೂ 100 ಗ್ರಾಂ ನೂಲಿನ ಬೆಲೆ ಒಂದು ಇಡೀ ಕಂಬಳಿಯ ಬೆಲೆಯನ್ನು ಮೀರುತ್ತದೆ ಎಂದು ತೋರಿಸಿದಳು. ಹಾಗಿದ್ದರೆ ಕಂಬಳಿಯಲ್ಲಿ ಅಜ್ಜಿಯಂಥವರ ಹೊತ್ತಿಗೆ ಸಿಕ್ಕಿದ್ದೆಷ್ಟು ಎಂಬ ಪ್ರಶ್ನೆ ತಾನಾಗಿ ಎದುರಿಗೆ ಬಂತು. ನಮ್ಮ ಕೈ ಅವರಷ್ಟು ಚುರುಕಲ್ಲ, ಅದು ನಿಜ. ಅಷ್ಟನ್ನು ಕಳೆದರೂ ಲೆಕ್ಕ ಸರಿಹೋಗುವುದಿಲ್ಲ. ನಾವು ಅಗ್ಗಕ್ಕೆ ಮಾರಿದರೆ ಅವರ ನೂಲಿನ ಬೆಲೆಯನ್ನು ಇನ್ನಷ್ಟು ಇಳಿಸಿದಂತೆ, ದುಬಾರಿಗೆ ಮಾರಿದರೆ ಅವರಿಗೆ ಸಿಗದ ಬೆಲೆಯನ್ನು ನಮ್ಮ ಉಚ್ಚಾರಣೆಗೂ ಇಸ್ತ್ರಿಯ ಸೀರೆಗೂ ಪಡೆದಂತೆ ಎಂಬುದು ನನ್ನ ನಿಲುವು. ಗೆಳತಿ ಇದನ್ನು ಪೂರ್ತಿಯಾಗಿ ಒಪ್ಪಿಲ್ಲ. ಸದ್ಯಕ್ಕೆ ನಮ್ಮ ನೂಲನ್ನು ಮಾರುವುದಿಲ್ಲ, ಬಣ್ಣ ಹಾಕಲು ಹೆಚ್ಚು ನೂಲು ಬೇಕಾದಾಗ ಅಜ್ಜಿಯ ಮನೆಯವರಿಂದ ಅವರು ಹೇಳಿದ ಬೆಲೆಗೆ ಕೊಳ್ಳುತ್ತೇವೆ ಎಂಬಷ್ಟಕ್ಕೆ ಎಲ್ಲರೂ ಒಪ್ಪಿದ್ದೇವೆ.

ಅಜ್ಜಿಯ ಅಳಿಯ ಮಗ್ಗದವನು. ಕರಿ ಕಂಬಳಿಯ ಅಂಚಿನಲ್ಲಿ ಬಿಳಿಯ ಗೆರೆಯ ಬದಲು ನಮ್ಮ ನೀಲಿಬೂದು, ಚೆಂಡುಹೂವಿನ ಹಳದಿ ಹಾಕಿ ನೇಯಲು ಸಾಧ್ಯವೇ ಎಂದು ಕೇಳಿದಾಗ ಆತ ಲಡಿಯೊಂದನ್ನು ಬಿಚ್ಚಿ, ಎಳೆಯನ್ನು ಎರಡೂ ಕೈಗಳಿಂದ ಜಗ್ಗಿ, ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ. "ಬಣ್ಣ ಚಲೋ ಐತ್ರಿ ಅಕ್ಕಾರ. ಆದರ ಹಾಸು ಮಾಡಾಕ ಬರಂಗಿಲ್ಲ, ಸರಿ ಹಚ್ಚಿದ್ರೂ ಹರೀತೈತಿ. ಹೊಕ್ಕಿಗಿ ನಡೀತೈತಿ, ಅದೂ ಇನ್ನಷ್ಟು ಹುರಿ ಕೊಟ್ಟು ತಂದರ" ಎಂದು ಹೇಳಿ ಲಡಿಯನ್ನು ಹಿಂದಿರುಗಿಸಿದ. ಮಗ್ಗದ ಉದ್ದಕ್ಕೆ ಬಿಗಿಯುವ ನೂಲು ಹಾಸು, ಅದರ ನಡುವೆ ಅಡ್ಡಕ್ಕೆ ಹಾಯುವ ನೂಲು ಹೊಕ್ಕು. ಈಗ ಅದೇ ನೂಲನ್ನು ಮತ್ತೆ ರಾಟಿಗೆ ಹಾಕಿ ತಿರುವು ಏರಿಸುತ್ತಿದ್ದೇವೆ. ಬ್ಯಾಂಕಿನ ಗೆಳತಿಯ ಬಿಗಿ ನೂಲಿಗೆ ಈ ಕೆಲಸ ಬೇಕಾಗಲಿಲ್ಲ, ಅಕ್ಕನದಕ್ಕೆ ಬಹಳ ಬೇಕಾಗಿದೆ.